ಟೈರಿಗೆ ಎಷ್ಟು ಗಾಳಿ? ಬಾಗಿಲು ತೆಗೆದು ನೋಡಿ

ಏಪ್ರಿಲ್ ತಿಂಗಳ ಮಧ್ಯಾಹ್ನ. ದಾವಣಗೆರೆ ಹೊರಗಿನ ಒಂದು ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ, ಗಾಳಿ ಹಿಡಿಸೋಣ ಅಂತ ಪಕ್ಕಕ್ಕೆ ನಿಲ್ಲಿಸಿದ್ದೆ. ಪೈಪ್ ಹಿಡಿದು ಬಂದ ಹುಡುಗ ಎಷ್ಟು ಅಂತ ಕೇಳಲೇ ಇಲ್ಲ. "ಬ್ಯಾಸಗಿ ಐತಿ ಅಣ್ಣಾ, 28 ಹಾಕ್ತೀನಿ. ಜಾಸ್ತಿ ಹಾಕಿದ್ರೆ ಒಡದು ಹೋಗ್ತೈತಿ" ಅಂದ. ನಾನೂ ತಲೆಯಾಡಿಸಿದೆ. ಆ ಬೇಸಿಗೆ ಪೂರ್ತಿ ಹಾಗೇ ಓಡಿಸಿದೆ, ವಾರಕ್ಕೊಮ್ಮೆ ಚಿತ್ರದುರ್ಗ, ತಿಂಗಳಿಗೊಮ್ಮೆ ಬೆಂಗಳೂರು. ಮಳೆಗಾಲ ಶುರುವಾಗುವ ಹೊತ್ತಿಗೆ ಮುಂದಿನ ಎರಡೂ ಟೈರುಗಳ ಅಂಚು ಬೋಳಾಗಿತ್ತು, ನಡುವಿನ ಗೆರೆ ಮಾತ್ರ ಹೊಸದರ ಹಾಗೇ ಇತ್ತು. ಟೈರ್ ಅಂಗಡಿಯಾತ ಬೆರಳಲ್ಲಿ ಒಮ್ಮೆ ಸವರಿ, ಜಾತಕ ಓದಿದವನ ಹಾಗೆ ಹೇಳಿದ: "ಗಾಳಿ ಕಮ್ಮಿ ಇಟ್ಕೊಂಡು ಓಡ್ಸೀರಿ."

ಗಾಳಿ ವಿಷಯದಲ್ಲಿ ನಮ್ಮಲ್ಲಿ ಗಾಳಿಮಾತೇ ಜಾಸ್ತಿ. ಬೇಸಿಗೆಯಲ್ಲಿ ಕಡಿಮೆ ಇರಲಿ ಅಂತ ಒಬ್ಬರು, ಮೈಲೇಜ್ ಬೇಕಂದ್ರೆ 40 ಹೊಡಿಸಿ ಅಂತ ಇನ್ನೊಬ್ಬರು, ಎಲ್ಲ ಕಾರಿಗೂ 35 ನಡೆಯುತ್ತೆ ಬಿಡ್ರಿ ಅಂತ ಮತ್ತೊಬ್ಬರು. ಇವರಲ್ಲಿ ಯಾರೂ ನಿಮ್ಮ ಕಾರಿನ ಬಾಗಿಲು ತೆಗೆದು ನೋಡಿರುವುದಿಲ್ಲ. ಉತ್ತರ ಇರುವುದು ಅಲ್ಲೇ.

ಮೊದಲು ನಂಬರ್ ಹುಡುಕಿ

ಡ್ರೈವರ್ ಕಡೆ ಬಾಗಿಲು ಪೂರ್ತಿ ತೆಗೆಯಿರಿ. ಸೀಟ್ ಬೆಲ್ಟ್ ಇಳಿದು ಬರುವ ಕಂಬ ಇದೆಯಲ್ಲ, ಬಾಗಿಲು ಹಾಕಿದರೆ ಮರೆಯಾಗುವುದು, ಅದರ ಕೆಳಭಾಗದಲ್ಲಿ ಒಂದು ಸ್ಟಿಕ್ಕರ್ ಅಂಟಿಸಿರುತ್ತಾರೆ. ಕೆಲವು ಕಾರುಗಳಲ್ಲಿ ಅದು ಪೆಟ್ರೋಲ್ ಟ್ಯಾಂಕ್ ಮುಚ್ಚಳದ ಒಳಗಿರುತ್ತದೆ. ವಾಟರ್ ಸರ್ವಿಸ್ ಮಾಡಿಸಿ ಮಾಡಿಸಿ ಅಕ್ಷರ ಅಳಿಸಿಹೋಗಿದ್ದರೆ, ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಬಿದ್ದಿರುವ ಪುಸ್ತಕದಲ್ಲಿ ಸಿಗುತ್ತದೆ.

ಸ್ಟಿಕ್ಕರಿನಲ್ಲಿ ಟೈರ್ ಸೈಜ್, ಅದರ ಪಕ್ಕ ಮುಂದಿನ ಚಕ್ರಕ್ಕೆ ಇಷ್ಟು, ಹಿಂದಿನದಕ್ಕೆ ಇಷ್ಟು ಅಂತ ಇರುತ್ತದೆ. ಸಾಮಾನ್ಯವಾಗಿ ಎರಡು ಸಾಲು. ಒಂದರ ಪಕ್ಕ ಇಬ್ಬರು ಮೂವರ ಚಿತ್ರ, ಇನ್ನೊಂದರ ಪಕ್ಕ ತುಂಬಿದ ಕಾರು ಮತ್ತು ಸೂಟ್‌ಕೇಸ್. ನನ್ನ ಕಾರಿನಲ್ಲಿ ಮೊದಲನೆಯದು ಮುಂದೆ ಹಿಂದೆ ಎರಡಕ್ಕೂ 33, ತುಂಬಿದ ಕಾರಿಗೆ ಹಿಂದೆ 36. ನಿಮ್ಮದು ಬೇರೆ ಇರಬಹುದು, ದಯವಿಟ್ಟು ನನ್ನದನ್ನು ನಕಲು ಹೊಡೆಯಬೇಡಿ.

ಕೆಲವರ ಸ್ಟಿಕ್ಕರಿನಲ್ಲಿ 230 ಅಂತ ಇರುತ್ತದೆ, ನೋಡಿ ಗಾಬರಿ ಆಗಬೇಡಿ. ಅದು ಕೆಪಿಎ ಲೆಕ್ಕ. ಬಂಕಿನವರ ಲೆಕ್ಕ ಪಿಎಸ್‌ಐ. ಎರಡೂ ಗಾಳಿಯ ಒತ್ತಡದ ಅಳತೆಗಳೇ, ನಾನು ಇಲ್ಲಿ ಹೇಳುವ 28, 33, 40 ಎಲ್ಲ ಪಿಎಸ್‌ಐ. ಕೆಪಿಎಯನ್ನು 7ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಪಿಎಸ್‌ಐ ಬರುತ್ತದೆ, 230ಕ್ಕೆ 33. ಬಾರ್ ಅಂತ ಇದ್ದರೆ 14.5ರಿಂದ ಗುಣಿಸಿ. 2.3 ಬಾರ್ ಅಂದರೂ ಅದೇ 33.

ಇಲ್ಲಿ ಒಂದು ತಪ್ಪು ಬಹಳ ಜನ ಮಾಡುತ್ತಾರೆ. ಟೈರಿನ ಪಕ್ಕದಲ್ಲಿ, ರಬ್ಬರಿನ ಮೇಲೆಯೇ 44 ಅಥವಾ 51 ಪಿಎಸ್‌ಐ ಅಂತ ಉಬ್ಬಕ್ಷರದಲ್ಲಿ ಬರೆದಿರುತ್ತದೆ, ಅದನ್ನೇ ಹಾಕಿಸುತ್ತಾರೆ. ಅದು ಆ ಟೈರ್ ತಡೆಯುವ ಗರಿಷ್ಠ ಮಿತಿ ಅಷ್ಟೆ. ಒಂದೇ ಸೈಜಿನ ಟೈರ್ ಹಗುರ ಕಾರಿಗೂ ಹೋಗುತ್ತದೆ, ಭಾರದ ಕಾರಿಗೂ ಹೋಗುತ್ತದೆ. ಟೈರ್ ಮಾಡಿದವರಿಗೆ ನಿಮ್ಮ ಕಾರಿನ ತೂಕ ಹೇಗೆ ಗೊತ್ತಾಗಬೇಕು? ಅದು ಗೊತ್ತಿರುವುದು ಕಾರು ಮಾಡಿದವರಿಗೆ, ಅದಕ್ಕೇ ಬಾಗಿಲ ಸ್ಟಿಕ್ಕರ್.

ಬೆಳಗ್ಗೆ ಎದ್ದು ಅಳೆಯಿರಿ

ಸ್ಟಿಕ್ಕರಿನ ನಂಬರ್ ತಣ್ಣಗಿರುವ ಟೈರಿಗೆ. ತಣ್ಣಗೆ ಅಂದರೆ ಕಾರು ಕನಿಷ್ಠ 3 ಗಂಟೆ ನಿಂತಿರಬೇಕು, ಇಲ್ಲವೇ ನಿಧಾನವಾಗಿ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ನಮ್ಮ ಕಡೆ ಇದಕ್ಕೆ ಒಳ್ಳೆ ಹೊತ್ತು ಬೆಳಗ್ಗೆ 6ರಿಂದ 7, ಹಾಲು ತರಲು ಹೋಗುವ ಸಮಯ. ಬಿಸಿಲು ಬಿದ್ದ ಮೇಲೆ ಬೇಡ. ನಮ್ಮ ಮನೆ ಮುಂದೆ ಕಾರು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲುತ್ತದೆ, ಬೆಳಗಿನ ಬಿಸಿಲು ಎಡಗಡೆಗೆ ಬೀಳುತ್ತದೆ. ಒಂದು ದಿನ ಎಂಟೂವರೆಗೆ ಅಳೆದರೆ ಎಡಗಡೆ ಎರಡೂ 35, ಬಲಗಡೆ ಎರಡೂ 33. ಬಲಗಡೆ ಲೀಕ್ ಅಂತ ಪಂಕ್ಚರ್ ಅಂಗಡಿಗೆ ಹೊರಟೇ ಬಿಟ್ಟಿದ್ದೆ.

ಅಳೆಯಲು ನಿಮ್ಮದೇ ಒಂದು ಗೇಜ್ ಇಟ್ಟುಕೊಳ್ಳಿ. ಕೆಲವು ನೂರು ರೂಪಾಯಿ ಆಗುತ್ತದೆ, ಈ ಲೇಖನದಲ್ಲಿ ನಾನು ಖರ್ಚು ಮಾಡಿ ಅಂತ ಹೇಳುವುದು ಇದೊಂದಕ್ಕೇ. ಬಂಕಿನ ಗೇಜುಗಳು ದಿನಾ ಎಷ್ಟೋ ಗಾಡಿ ನೋಡಿರುತ್ತವೆ, ಕೆಳಗೆ ಬಿದ್ದಿರುತ್ತವೆ, ಬಿಸಿಲಲ್ಲಿ ಒಣಗಿರುತ್ತವೆ. ಒಂದೇ ಟೈರಿಗೆ ನನ್ನ ಗೇಜಿಗೂ ಒಂದು ಬಂಕಿನ ಗೇಜಿಗೂ 4 ಪಿಎಸ್‌ಐ ವ್ಯತ್ಯಾಸ ಬಂದಿದ್ದುಂಟು. ಯಾವುದು ಸರಿ ಅನ್ನುವ ಜಗಳ ಬೇಡ. ಯಾವಾಗಲೂ ಒಂದೇ ಗೇಜಿನಲ್ಲಿ ನೋಡಿದರೆ ಏರಿದ್ದು ಇಳಿದದ್ದಾದರೂ ನಿಮಗೆ ಗೊತ್ತಾಗುತ್ತದೆ.

ವಾಲ್ವ್ ಮುಚ್ಚಳ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ, ನೆಲದ ಮೇಲೆ ಇಟ್ಟರೆ ಕಳೆಯುತ್ತದೆ. ಗೇಜನ್ನು ನೆಟ್ಟಗೆ ಒತ್ತಿ. "ಟುಸ್" ಅಂತ ಒಂದು ಕ್ಷಣ ಸದ್ದು ಬಂದು ನಿಂತರೆ ಸರಿಯಾಗಿ ಕೂತಿದೆ ಅಂತ ಅರ್ಥ. ಸದ್ದು ನಿಲ್ಲದಿದ್ದರೆ ಓರೆ ಹಿಡಿದಿದ್ದೀರಿ, ಆಗ ಬರುವ ನಂಬರ್ ಸುಳ್ಳು. ಎರಡು ಸಲ ನೋಡಿ, ಎರಡೂ ಒಂದೇ ಬಂದರೆ ಬರೆದುಕೊಳ್ಳಿ. ಮುಚ್ಚಳ ಹಾಕುವ ಮುಂಚೆ ಪಂಕ್ಚರ್ ಅಂಗಡಿಯವರು ಮಾಡುವ ಒಂದು ಕೆಲಸ ನೀವೂ ಮಾಡಿ: ಬೆರಳಿಗೆ ಎಂಜಲು ಹಚ್ಚಿ ವಾಲ್ವ್ ಬಾಯಿ ಮೇಲೆ ಸವರಿ. ಗುಳ್ಳೆ ಎದ್ದರೆ ಒಳಗಿನ ಪಿನ್ ಹೋಗಿದೆ. ಎಂಜಲು ಬೇಡ ಅನ್ನುವವರಿಗೆ ಸೋಪಿನ ನೀರು ಇದೆ.

ಬೇಸಿಗೆಯ ಲೆಕ್ಕ

ಈಗ ಆ ಹುಡುಗನ ಮಾತಿಗೆ ಬರೋಣ. ಅವನ ಭಯ ಪೂರ್ತಿ ಸುಳ್ಳಲ್ಲ. ಬಿಸಿಯಾದರೆ ಗಾಳಿ ಹಿಗ್ಗುತ್ತದೆ, ಪ್ರೆಶರ್ ಏರುತ್ತದೆ. ಕಾರಿನ ಟೈರಿನಲ್ಲಿ 10 ಡಿಗ್ರಿಗೆ ಸುಮಾರು ಒಂದೂವರೆಯಿಂದ 2 ಪಿಎಸ್‌ಐ. ಬೆಳಗ್ಗೆ 22 ಡಿಗ್ರಿ ಇದ್ದಾಗ 33 ಇಟ್ಟಿರಿ ಅಂತ ಇಟ್ಟುಕೊಳ್ಳಿ. ಮಧ್ಯಾಹ್ನ ಹೆದ್ದಾರಿಯಲ್ಲಿ ಹಿರಿಯೂರು ದಾಟುವ ಹೊತ್ತಿಗೆ ಟೈರಿನ ಒಳಗಿನ ಗಾಳಿ 60 ಡಿಗ್ರಿ ಮುಟ್ಟಿದರೆ ಗೇಜು 39 ತೋರಿಸುತ್ತದೆ. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಈ ಏರಿಕೆ ಬರುತ್ತೆ ಅಂತ ಲೆಕ್ಕ ಹಾಕಿಯೇ ಕಾರಿನವರು 33 ಅಂತ ಬರೆದಿರುವುದು.

ನೀವು 39 ನೋಡಿ ಹೆದರಿ, ಅಲ್ಲೇ ನಿಂತು ಗಾಳಿ ಬಿಟ್ಟು 33ಕ್ಕೆ ಇಳಿಸಿದಿರಿ ಅನ್ನಿ. ಮರುದಿನ ಬೆಳಗ್ಗೆ ತಣ್ಣಗಾದ ಮೇಲೆ ನೋಡಿದರೆ 27 ಅಥವಾ 28. ಅದೇ ಟೈರಿನಲ್ಲಿ ಮತ್ತೆ ಹೆದ್ದಾರಿಗೆ ಹೋಗುತ್ತೀರಿ. ಬಿಸಿ ಟೈರಿನಿಂದ ಗಾಳಿ ಬಿಡಬೇಡಿ ಅನ್ನುವುದು ಇದಕ್ಕೇ.

ಹಾಗಾದರೆ ಬೇಸಿಗೆಯಲ್ಲಿ ಟೈರ್ ಒಡೆಯುವುದು ಯಾಕೆ? ಕಟ್ಟಡ ಕೆಲಸದವರು ಕಟ್ಟುವ ತಂತಿಯನ್ನು ಕೈಯಲ್ಲೇ ಮುರಿಯುವುದು ನೋಡಿದ್ದೀರಲ್ಲ. ಆ ಕಡೆ ಈ ಕಡೆ ಹತ್ತು ಸಲ ಬಗ್ಗಿಸುತ್ತಾರೆ. ಬಗ್ಗಿದ ಜಾಗ ಮುಟ್ಟಿ ನೋಡಿ, ಬಿಸಿ. ಟೈರಿನ ಪಕ್ಕದ ಗೋಡೆಯೂ ಹಾಗೇ. ನೆಲ ಮುಟ್ಟಿದಾಗಲೆಲ್ಲ ಅದು ಮಡಚಿ ಬಿಚ್ಚುತ್ತದೆ. ಸಣ್ಣ ಕಾರಿನ ಚಕ್ರ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 15 ಸುತ್ತು ಹೊಡೆಯುತ್ತದೆ. ಗಾಳಿ ಕಡಿಮೆ ಇದ್ದಷ್ಟೂ ಮಡಿಕೆ ಆಳ, ಮಡಿಕೆ ಆಳ ಇದ್ದಷ್ಟೂ ಬಿಸಿ ಜಾಸ್ತಿ. ಮೇಲೆ 39 ಡಿಗ್ರಿ ಬಿಸಿಲು, ಕೆಳಗೆ ಕಾದ ಹೆಂಚಿನಂಥ ಡಾಂಬರು, ಒಳಗೆ ಹಳೆ ರಬ್ಬರು. ಕೊನೆಗೆ ಪಕ್ಕದ ಗೋಡೆಯೇ ಸೀಳಿ ಬಿಡುತ್ತದೆ. ಅಂದರೆ ಬೇಸಿಗೆಗೆ ಅಂತ ಗಾಳಿ ಕಡಿಮೆ ಮಾಡುವುದು, ಯಾವುದು ಆಗಬಾರದು ಅಂತ ಹೆದರುತ್ತೇವೋ ಅದನ್ನೇ ಕರೆದು ಕೂರಿಸಿದ ಹಾಗೆ. ಬೇಸಿಗೆಯಲ್ಲೂ ಸ್ಟಿಕ್ಕರಿನ ನಂಬರೇ.

ಹಳೆ ರಬ್ಬರು ಅಂದೆನಲ್ಲ, ಟೈರಿನ ಪಕ್ಕ 4 ಅಂಕಿಯ ಒಂದು ಗುರುತು ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಗೆರೆ ಎಷ್ಟೇ ಚೆನ್ನಾಗಿದ್ದರೂ ಪಕ್ಕದಲ್ಲಿ ಬಿರುಕು ಬಿಟ್ಟ ಹಳೆ ಟೈರನ್ನು ಸರಿಯಾದ ಗಾಳಿ ಕೂಡ ಉಳಿಸುವುದಿಲ್ಲ.

ಇನ್ನು 40ರ ಪಾರ್ಟಿಯವರಿಗೆ. ಮೈಲೇಜ್ ಚೂರು ಹೆಚ್ಚಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಟೈರ್ ನಡುವೆ ಉಬ್ಬಿ, ಆ ನಡುವಿನ ಜಾಗ ಮಾತ್ರ ನೆಲ ಮುಟ್ಟುತ್ತದೆ. ನಡುವಿನ ಗೆರೆ ಬೇಗ ಸವೆಯುತ್ತದೆ, ಮಳೆಯಲ್ಲಿ ಹಿಡಿತ ಕಡಿಮೆ, ಊರೊಳಗಿನ ಪ್ರತಿ ಹಂಪೂ ಸೊಂಟಕ್ಕೆ ಗೊತ್ತಾಗುತ್ತದೆ.

ಬಂಕು ದೂರ ಇದ್ದರೆ

ತಣ್ಣಗಿರುವಾಗ ಹಾಕಿಸಿ ಅಂತ ಹೇಳುವುದು ಸುಲಭ. ಬಂಕ್ ಇರುವುದು 6 ಕಿಲೋಮೀಟರ್ ದೂರ, ಅಲ್ಲಿಗೆ ಹೋಗುವಷ್ಟರಲ್ಲಿ ಟೈರ್ ಬಿಸಿ. ಇದಕ್ಕೆ ಒಂದು ದಾರಿ ಇದೆ. ಮನೆಯಲ್ಲೇ ಅಳೆದು, ಎಷ್ಟು ಕೊರತೆ ಅಂತ ಬರೆದುಕೊಂಡು ಹೋಗಿ. ಬೇಕಾದ್ದು 33, ಇರುವುದು 30, ಕೊರತೆ 3. ಬಂಕ್ ತಲುಪಿ ಅದೇ ಟೈರ್ ಅಳೆದರೆ 32 ತೋರಿಸಬಹುದು. ಅದಕ್ಕೆ 3 ಸೇರಿಸಿ 35 ಹಾಕಿಸಿ. ಮರುದಿನ ಬೆಳಗ್ಗೆ ಅದು 33ಕ್ಕೆ ಬಂದು ಕೂತಿರುತ್ತದೆ. ಮನೆಯಲ್ಲಿ ಅಳೆಯದೆ ಬಂದಿದ್ದರೆ ಸ್ಟಿಕ್ಕರಿನ ನಂಬರಿಗೆ 4 ಸೇರಿಸಿ ಹಾಕಿಸಿ, ಬೆಳಗ್ಗೆ ಎದ್ದು ಸರಿಮಾಡಿಕೊಳ್ಳಿ. ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ ಸಣ್ಣ ಪಂಪ್ ಇದ್ದವರಿಗೆ ಈ ಲೆಕ್ಕವೇ ಬೇಡ.

ತಿಂಗಳಿಗೆ ಒಮ್ಮೆ ಅಳೆದರೆ ಸಾಕು. ಏನೂ ತೊಂದರೆ ಇಲ್ಲದ ಟೈರೂ ತಿಂಗಳಿಗೆ ಸುಮಾರು 1 ಪಿಎಸ್‌ಐ ಕಳೆದುಕೊಳ್ಳುತ್ತದೆ. ಒಂದೇ ಟೈರ್ ಪದೇ ಪದೇ 2-3 ಇಳಿದರೆ ಮೊಳೆ ಹುಡುಕಿ. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಒಂದು ಸಲ ತಪ್ಪದೆ ನೋಡಿ. ಮೇ ತಿಂಗಳಲ್ಲಿ ಸರಿಯಾಗಿ ಇಟ್ಟದ್ದು ಡಿಸೆಂಬರ್ ಬೆಳಗ್ಗೆ ಇಳಿದಿರುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಗಾಳಿ ಕಡಿಮೆ ಅಂತ ಎಚ್ಚರಿಸುವ ಹಳದಿ ದೀಪ ಇರುವ ಕಾರುಗಳಲ್ಲಿ ಅದು ಹತ್ತುವುದೂ ಆಗಲೇ. ಆ ದೀಪವನ್ನೇ ನಂಬಿ ಕೂರಬೇಡಿ. ಎಷ್ಟೋ ಕಾರುಗಳಲ್ಲಿ ಕಾಲು ಭಾಗದಷ್ಟು ಗಾಳಿ ಇಳಿಯುವವರೆಗೂ ಅದು ಸುಮ್ನೆ ಇರುತ್ತದೆ.

ಜಾತ್ರೆಗೆ ಹೊರಟಾಗ

ನಾಯಕನಹಟ್ಟಿ ಜಾತ್ರೆ ಬರುವುದು ಮಾರ್ಚ್ ಹೊತ್ತಿಗೆ, ಬಿಸಿಲು ಏರುವಾಗಲೇ. ಐದು ಜನ ದೊಡ್ಡವರು, ತೊಡೆ ಮೇಲೆ ಒಂದು ಮಗು, ಡಿಕ್ಕಿಯಲ್ಲಿ ರೊಟ್ಟಿ ಡಬ್ಬಿ, ನೀರಿನ ಕ್ಯಾನು, ಚಾಪೆ. ಇಂಥ ದಿನಕ್ಕೇ ಸ್ಟಿಕ್ಕರಿನ ಎರಡನೇ ಸಾಲು ಇರುವುದು. ಹಿಂದಿನ ದಿನ ಬೆಳಗ್ಗೆಯೇ ಹಿಂದಿನ ಟೈರಿಗೆ ಆ ನಂಬರ್ ಹಾಕಿಸಿ. ಬಂದ ಮೇಲೆ, ತಣ್ಣಗಾದ ಮೇಲೆ, ಮತ್ತೆ ಮೊದಲಿನಷ್ಟಕ್ಕೆ ಇಳಿಸಿ. ನಿಜ ಹೇಳಬೇಕೆಂದರೆ ಇಳಿಸುವುದನ್ನು ನಾನು ಅರ್ಧ ಸಲ ಮರೆಯುತ್ತೇನೆ. ಏರಿಸುವುದನ್ನು ಮರೆಯುವುದಕ್ಕಿಂತ ಅದು ವಾಸಿ.

ಆಮೇಲೆ ಸಿಎನ್‌ಜಿ ಕೂರಿಸಿದವರು. ಡಿಕ್ಕಿಯಲ್ಲಿ ಕಬ್ಬಿಣದ ಸಿಲಿಂಡರ್ ಅಂದರೆ ಹಿಂದಿನ ಸೀಟಿನಲ್ಲಿ ಯಾವಾಗಲೂ ಒಬ್ಬರು ಕೂತ ಹಾಗೇ ಲೆಕ್ಕ. ಕಂಪನಿಯಿಂದಲೇ ಸಿಎನ್‌ಜಿ ಬಂದ ಕಾರಾದರೆ ಅದರ ಸ್ಟಿಕ್ಕರ್ ಸರಿಯಾಗಿಯೇ ಇರುತ್ತದೆ. ಹೊರಗಡೆ ಹಾಕಿಸಿದ್ದರೆ, ಇಬ್ಬರೇ ಓಡಾಡಿದರೂ ನಾನಾಗಿದ್ದರೆ ಹಿಂದಿನ ಟೈರಿಗೆ ತುಂಬಿದ ಕಾರಿನ ನಂಬರನ್ನೇ ಇಡುತ್ತಿದ್ದೆ.

ನೈಟ್ರೋಜನ್ ಹಾಕಿಸಬೇಕಾ? ಪುಕ್ಕಟೆ ಕೊಟ್ಟರೆ ಹಾಕಿಸಿ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ಅಂಗಡಿಯವರು ತುಂಬುವ ನೈಟ್ರೋಜನ್‌ನಲ್ಲಿ ತೇವ ಇರುವುದಿಲ್ಲ, ಸ್ವಲ್ಪ ನಿಧಾನವಾಗಿ ಇಳಿಯುತ್ತದೆ, ಅಷ್ಟೆ. ಬಿಸಿಗೆ ಅದೂ ಹಿಗ್ಗುತ್ತದೆ. ಹಾಕಿಸಿದವರೂ ತಿಂಗಳಿಗೊಮ್ಮೆ ಅಳೆಯಲೇಬೇಕು. ದಾರಿಯಲ್ಲಿ ಗಾಳಿ ಕಡಿಮೆ ಕಂಡರೆ ಮಾಮೂಲಿ ಗಾಳಿ ಸೇರಿಸಬಹುದು, ಏನೂ ಆಗುವುದಿಲ್ಲ.

ಕೊನೆಗೆ ಸ್ಟೆಪ್ನಿ. ಡಿಕ್ಕಿಯ ಸಾಮಾನೆಲ್ಲ ಇಳಿಸಬೇಕು ಅಂತ ಯಾರೂ ಅದನ್ನು ನೋಡುವುದಿಲ್ಲ. ಉಳಿದ ನಾಲ್ಕರಷ್ಟೇ ದಪ್ಪ ಇದ್ದರೆ, ಸ್ಟಿಕ್ಕರಿನ ದೊಡ್ಡ ನಂಬರಿಗಿಂತ 2-3 ಜಾಸ್ತಿಯೇ ತುಂಬಿಸಿಡಿ, ಬೇಕಾದಾಗ ಇಳಿಸಿಕೊಂಡರಾಯಿತು. ಸಣಕಲು ಸ್ಟೆಪ್ನಿ ಆದರೆ ಲೆಕ್ಕವೇ ಬೇರೆ. ಅದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು, ಅದರ ಮೈಮೇಲೇ ಬರೆದಿರುತ್ತದೆ, ಹಾಕಿಕೊಂಡರೆ ವೇಗ 80 ಕಿ.ಮೀ. ದಾಟಬಾರದು ಅಂತಲೂ ಇರುತ್ತದೆ. ಈ ಲೇಖನ ಬರೆಯಲು ಕೂರುವ ಮುಂಚೆ ನನ್ನ ಸ್ಟೆಪ್ನಿ ತೆಗೆದು ಅಳೆದೆ. 14 ಇತ್ತು.