ಏಳು ಕಿಲೋ ಮತ್ತು ಅಮ್ಮನ ಕುಚ್ಚಲಕ್ಕಿ

ಕುಚ್ಚಲಕ್ಕಿಗೆ ಕಿಲೋಗೆ 60 ರೂಪಾಯಿ. ಅದನ್ನು ಮಂಗಳೂರಿನಿಂದ ಮುಂಬೈಗೆ ತರಲು ನಾನು ತೆತ್ತದ್ದು ಕಿಲೋಗೆ 600. ವಿಮಾನದವರು ಪುಕ್ಕಟೆ ಬಿಡುವ ತೂಕಕ್ಕಿಂತ ನಾಲ್ಕು ಕಿಲೋ ಹೆಚ್ಚಿತ್ತು, ಒಟ್ಟು 2,400. ಡೊಂಬಿವಲಿಯ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಅದೇ ಅಕ್ಕಿ ಊರಿನವರ ಅಂಗಡಿಯಲ್ಲಿ ಸಿಗುತ್ತದೆ. ಮನೆಯಲ್ಲಿ ಬಾಯಿ ಬಿಡುವುದೇ ಬೇಡ ಅಂದುಕೊಂಡಿದ್ದೆ. ಆದರೆ ದುಡ್ಡು ಹೋದದ್ದು ನಮ್ಮವರ ಕಾರ್ಡಿನಿಂದ. ನಾನು ವಿಮಾನ ಹತ್ತುವ ಮೊದಲೇ ಅವರ ಮೊಬೈಲಿಗೆ ಸಂದೇಶ ಹೋಗಿತ್ತು. ಬಾಗಿಲು ತೆಗೆದವರೇ ಕೇಳಿದರು, "ಎಂತ ಮಾರಾಯ್ತಿ, ಚಿನ್ನ ತಂದದ್ದಾ?"

ಅದಕ್ಕೂ ಮೊದಲು ನಮ್ಮದೆಲ್ಲ ಮತ್ಸ್ಯಗಂಧ ರೈಲಿನ ಪ್ರಯಾಣ. ಮಧ್ಯಾಹ್ನ ಠಾಣೆಯಲ್ಲಿ ಹತ್ತಿದರೆ ಬೆಳಕು ಹರಿಯುವುದರೊಳಗೆ ಕುಂದಾಪುರ. ರೈಲಿನಲ್ಲೂ ಲಗೇಜಿಗೆ ಮಿತಿ ಇದೆ, ಸ್ಲೀಪರಿಗೆ 40 ಕಿಲೋ. ತೂಗಿದವರನ್ನು ಮಾತ್ರ ಇಪ್ಪತ್ತೈದು ವರ್ಷದಲ್ಲಿ ನಾನು ಕಂಡದ್ದಿಲ್ಲ. ಗೋಣಿಚೀಲ ಸೀಟಿನಡಿಗೆ ತಳ್ಳಿದರೆ ಆಯಿತು. ಅಮ್ಮನ ಮೊಣಕಾಲಿನ ಆಪರೇಷನ್ ಆದ ಮೇಲೆ ವರ್ಷಕ್ಕೆ ನಾಲ್ಕೈದು ಸಲ ಊರಿಗೆ ಓಡಬೇಕಾಗಿ ಬಂತು. ರಜೆ ಸಿಗುವುದು ಎರಡೇ ದಿನ, ಹಾಗಾಗಿ ವಿಮಾನ. ಆದರೆ ಕಟ್ಟುತ್ತಿದ್ದದ್ದು ರೈಲಿನ ಗಂಟನ್ನೇ.

ಮೊದಮೊದಲು ಪ್ರತಿ ಸಲವೂ ಜಗಳ. ಕೌಂಟರಿನ ಹುಡುಗಿಯ ಹತ್ತಿರ ಒಂದು, ತಪಾಸಣೆಯ ಜಾಗದಲ್ಲಿ ಇನ್ನೊಂದು, ಕೊನೆಗೆ ವಿಮಾನದ ಬಾಗಿಲಲ್ಲಿ ಮತ್ತೊಂದು. ಮೂರು ಸಲ ಸೋತ ಮೇಲೆ ಹೊಳೆಯಿತು, ನಾನು ಬೈಯುತ್ತಿದ್ದದ್ದು ತಪ್ಪು ಮನುಷ್ಯರನ್ನು. ಕೈಚೀಲವೊಂದಕ್ಕೆ ಮೂವರು ಯಜಮಾನರು. ತೂಕ, ಅಳತೆ, ದುಡ್ಡು ವಿಮಾನ ಕಂಪನಿಯ ಪಾಲು. ಒಳಗೇನಿದೆ ಎನ್ನುವುದು ಭದ್ರತೆಯವರ ಪಾಲು. ಇಡಲು ಜಾಗ ಇದೆಯೋ ಇಲ್ಲವೋ ಎನ್ನುವುದನ್ನು ವಿಮಾನವೇ ಹೇಳುತ್ತದೆ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ತಡೆದರೆ ಅದು ಅನ್ಯಾಯವಲ್ಲ, ಅವರವರ ಕೆಲಸ.

ಕಂಪನಿಯದ್ದನ್ನೇ ಮೊದಲು ಹೇಳುತ್ತೇನೆ, ಕಿಸೆಗೆ ಕತ್ತರಿ ಬೀಳುವುದು ಅಲ್ಲೇ. ನಮ್ಮ ದೇಶದೊಳಗಿನ ಹಾರಾಟದಲ್ಲಿ ಎಕಾನಮಿ ಸೀಟಿನವರಿಗೆ ಜೊತೆಯಲ್ಲಿ ಒಯ್ಯುವ ಚೀಲ ಒಂದು, ತೂಕ 7 ಕಿಲೋ. ಇಂಡಿಗೋದ ಅಳತೆ 55, 35, 25 ಸೆಂಟಿಮೀಟರ್. ಮೂರೂ ಕೂಡಿಸಿದರೆ 115. ಈ ಅಳತೆಯಲ್ಲಿ ಚಕ್ರವೂ ಹಿಡಿಕೆಯೂ ಸೇರಿವೆ. ಅಂಗಡಿಯವರು "ಕ್ಯಾಬಿನ್ ಸೈಜ್ ಮೇಡಂ" ಎಂದು ಕೊಡುವ ಎಷ್ಟೋ ಟ್ರಾಲಿಗಳಲ್ಲಿ ಬರೆದಿರುವುದು ಬರೀ ಪೆಟ್ಟಿಗೆಯ ಎತ್ತರ. ಚಕ್ರ ಸೇರಿಸಿದರೆ ಎರಡು ಮೂರು ಸೆಂಟಿಮೀಟರ್ ಮೇಲೆ ಹೋಗುತ್ತದೆ. ಕೊಳ್ಳುವಾಗ ನಾನೀಗ ಪರ್ಸಿನಿಂದ ಟೈಲರ್ ಟೇಪು ತೆಗೆಯುತ್ತೇನೆ. ಅಂಗಡಿಯವ ನಗುತ್ತಾನೆ, ನಗಲಿ.

ಅಳತೆಗಿಂತ ದೊಡ್ಡ ಮೋಸ ತೂಕದ್ದು. ದಾದರಿನಲ್ಲಿ ಕೊಂಡ ನನ್ನ ಗಟ್ಟಿ ಪ್ಲಾಸ್ಟಿಕ್ಕಿನ ಟ್ರಾಲಿ ಖಾಲಿ ಇರುವಾಗಲೇ 2 ಕಿಲೋ 900 ಗ್ರಾಂ ತೂಗುತ್ತಿತ್ತು. ಏಳರಲ್ಲಿ ಮೂರು ಪೆಟ್ಟಿಗೆಗೇ ಹೋದರೆ ನನ್ನ ಸಾಮಾನಿಗೆ ಉಳಿದದ್ದೆಷ್ಟು? ಆ ಪೆಟ್ಟಿಗೆ ಈಗ ಅಟ್ಟದ ಮೇಲೆ ಚಳಿಗಾಲದ ಹೊದಿಕೆ ಕಾಯುತ್ತಿದೆ. ನಾನು ಒಯ್ಯುವುದು ಬಟ್ಟೆಯ ಚೀಲ, 700 ಗ್ರಾಂ. ಒಂದು ಪೈಸೆ ಕೊಡದೆ ಎರಡು ಕಿಲೋ ಗಿಟ್ಟಿತು. ಚಕ್ರ ಇಲ್ಲದ್ದರಿಂದ ಭುಜ ನೋಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಡೊಂಬಿವಲಿಯಿಂದ ಲೋಕಲ್ಲಿನಲ್ಲಿ ಘಾಟ್ಕೋಪರ್, ಅಲ್ಲಿಂದ ಮೆಟ್ರೋದಲ್ಲಿ ಮರೋಳ್ ನಾಕಾ, ಮತ್ತೆ ಭೂಗತ ಮೆಟ್ರೋ ಹಿಡಿದು ವಿಮಾನ ನಿಲ್ದಾಣದ ಟಿ-2 ಟರ್ಮಿನಲ್. ಈ ಹತ್ತುವ ಇಳಿಯುವ ಗದ್ದಲದಲ್ಲಿ ಚಕ್ರದ ಪೆಟ್ಟಿಗೆಯನ್ನೂ ಎತ್ತಿಕೊಂಡೇ ಓಡುತ್ತಿದ್ದೆ ಅಲ್ಲವೇ? (ಟಿಕೆಟಿನಲ್ಲಿ ಟರ್ಮಿನಲ್ ಯಾವುದೆಂದು ನೋಡಿಕೊಳ್ಳಿ. ಸಾಂತಾಕ್ರೂಜಿನ ಟಿ-1 ಬೇರೆ, ಸಹಾರದ ಟಿ-2 ಬೇರೆ. ಎರಡಕ್ಕೂ ಅದೇ ಮೆಟ್ರೋದಲ್ಲಿ ಪ್ರತ್ಯೇಕ ನಿಲ್ದಾಣ ಇದೆ.)

ಏಳು ಕಿಲೋ ಚೀಲದ ಜೊತೆಗೆ ಹೆಂಗಸರ ಪರ್ಸು ಅಥವಾ ಲ್ಯಾಪ್‌ಟಾಪ್ ಚೀಲವನ್ನೂ ಬಿಡುತ್ತಾರೆ. ಇಂಡಿಗೋದಲ್ಲಿ ಅದು 3 ಕಿಲೋ ಮೀರಬಾರದು. ಕೆಲವು ಕಂಪನಿಗಳು ಎರಡನ್ನೂ ಕೂಡಿಸಿ ಏಳು ಎನ್ನುತ್ತವೆ. ಹಾಗಾಗಿ "ಹೋದ ಸಲ ಬಿಟ್ಟಿದ್ದರಲ್ಲ" ಎನ್ನುವ ಮಾತು ಕೌಂಟರಿನಲ್ಲಿ ನಡೆಯುವುದಿಲ್ಲ. ಹೋದ ಸಲದ ಕಂಪನಿ ಬೇರೆ ಇದ್ದೀತು. ಟಿಕೆಟ್ ಮಾಡಿದ ದಿನವೇ ಲಗೇಜಿನ ಪುಟ ತೆರೆದು ಫೋನಿನಲ್ಲಿ ಚಿತ್ರ ಹಿಡಿದಿಟ್ಟುಕೊಳ್ಳುವುದು ನನಗೀಗ ರೂಢಿ.

ಇನ್ನು ದುಡ್ಡಿನ ವಿಷಯ. ಕೌಂಟರಿನಲ್ಲಿ ಒಪ್ಪಿಸುವ ಚೆಕ್‌ಇನ್ ಲಗೇಜಿಗೆ ಸಾಮಾನ್ಯವಾಗಿ 15 ಕಿಲೋ. ಅದೂ ಎಲ್ಲ ಟಿಕೆಟಿಗಲ್ಲ. ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನಲ್ಲಿ ಲೈಟ್ ಎಂಬ ಅಗ್ಗದ ದರ ಒಂದಿದೆ, ಅದರಲ್ಲಿ ಕೈಚೀಲ ಮಾತ್ರ. ಹೋಗುವಾಗ ನಾನು ಅಂಥದ್ದನ್ನೇ ಹುಡುಕುತ್ತೇನೆ, ಅಮ್ಮನ ಮನೆಗೆ ನಾನು ಒಯ್ಯುವುದಾದರೂ ಏನು? ಎರಡು ಸೀರೆ, ಮಾತ್ರೆಯ ಡಬ್ಬಿ. ಬರುವಾಗ ಮಾತ್ರ ಅಪ್ಪಿತಪ್ಪಿಯೂ ಮಾಡುವುದಿಲ್ಲ. ಹೋಗಿ ಬರುವುದಕ್ಕೆ ಒಂದೇ ಬಗೆಯ ಟಿಕೆಟ್ ಆಗಬೇಕೆಂದು ಯಾರೂ ಹೇಳಿಲ್ಲ; ನನ್ನ ಲೆಕ್ಕದಲ್ಲಿ ಎರಡನ್ನೂ ಬೇರೆ ಬೇರೆ ಮಾಡಿದಾಗಲೇ ಲಾಭವಾಗಿದೆ.

ಹೆಚ್ಚಾಗುವುದು ಖಂಡಿತ ಅಂತಿದ್ದರೆ ಮನೆಯಲ್ಲಿ ಕೂತೇ ಆ್ಯಪಿನಲ್ಲಿ ಮುಂಗಡ ಕೊಂಡುಬಿಡಬೇಕು. ಮೂರು, ಐದು, ಹತ್ತು ಕಿಲೋ ಎಂದು ಪಾಲು ಮಾಡಿ ಮಾರುತ್ತಾರೆ, ಕೌಂಟರಿನ ದರಕ್ಕಿಂತ ಕಡಿಮೆ. ಹೊರಡಲು ಕೆಲವು ಗಂಟೆ ಇರುವಾಗ ಆ ಬಾಗಿಲು ಮುಚ್ಚುತ್ತದೆ. ನನ್ನ 2,400ರ ಕಥೆಯಲ್ಲಿ ಆದದ್ದೂ ಅದೇ. ಬಜಪೆಯ ವಿಮಾನ ನಿಲ್ದಾಣದ ದಾರಿಯಲ್ಲಿ ಟ್ಯಾಕ್ಸಿಯಲ್ಲಿ ಕೂತು ಆ್ಯಪ್ ತೆರೆದಾಗ ಕೊಳ್ಳುವ ಗುಂಡಿಯೇ ಮಂಕಾಗಿತ್ತು. ಗಂಡ ಹೆಂಡತಿ ಒಂದೇ ಪಿಎನ್‌ಆರ್‌ನಲ್ಲಿ ಒಟ್ಟಿಗೆ ಹೋದಾಗ ನಮ್ಮಿಬ್ಬರ ಚೆಕ್‌ಇನ್ ಲಗೇಜನ್ನು ಕೂಡಿಸಿ ಮೂವತ್ತು ಎಂದೇ ನೋಡಿದ್ದಾರೆ. ಕೈಚೀಲಕ್ಕೆ ಆ ಲೆಕ್ಕ ನಡೆಯಲಿಲ್ಲ. ಅವರದ್ದು ಐದು ಕಿಲೋ, ನನ್ನದು ಒಂಬತ್ತು ಇದ್ದರೆ ಒಂಬತ್ತು ಒಂಬತ್ತೇ. ಅಲ್ಲೇ ನೆಲದ ಮೇಲೆ ಚೀಲ ಬಿಚ್ಚಿ ಹಪ್ಪಳದ ಕಟ್ಟನ್ನು ಅವರ ಚೀಲಕ್ಕೆ ತುಂಬಿದ್ದಾಯಿತು. ಓದುವ ಮಕ್ಕಳಿದ್ದರೆ ವಿದ್ಯಾರ್ಥಿ ದರ ನೋಡಿ, ಇಂಡಿಗೋದಲ್ಲಿ ಅವರಿಗೆ 10 ಕಿಲೋ ಚೆಕ್‌ಇನ್ ಹೆಚ್ಚಿಗೆ ಸಿಗುತ್ತದೆ. ಮಣಿಪಾಲದಲ್ಲಿರುವ ನನ್ನ ನಾದಿನಿಯ ಮಗನನ್ನು ಅಮ್ಮ ಈಗ ಬಹಳ ಪ್ರೀತಿಯಿಂದ ಮಾತಾಡಿಸುತ್ತಾಳೆ. ಕಾರಣ ನನಗೊಬ್ಬಳಿಗೇ ಗೊತ್ತು.

ಎರಡನೆಯ ಯಜಮಾನರು ಭದ್ರತೆಯವರು. ಇವರು ತೂಗುವುದಿಲ್ಲ, ದುಡ್ಡು ಕೇಳುವುದಿಲ್ಲ. ಚೀಲ ಎಷ್ಟು, ಒಳಗೆ ಏನು, ಅಷ್ಟೇ. ಒಬ್ಬರಿಗೆ ಒಂದೇ ಕೈಚೀಲ ಎನ್ನುವುದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ಹಳೆಯ ನಿಯಮ, 2000ನೇ ಇಸವಿಯದ್ದು. ಹೆಂಗಸರ ಪರ್ಸಿಗೆ ಅದರಲ್ಲೇ ವಿನಾಯಿತಿ ಇದೆ. ತಪಾಸಣೆಯ ಸಾಲು ಬೆಳೆಯುತ್ತಿದೆ ಎಂದು 2022ರ ಜನವರಿಯಲ್ಲಿ ಬ್ಯೂರೋ ವಿಮಾನ ಕಂಪನಿಗಳಿಗೆ ಅದನ್ನೇ ಮತ್ತೆ ನೆನಪಿಸಿತು. ಹಿಂದೆ ಕೈಚೀಲಕ್ಕೆ ಕಾಗದದ ಚೀಟಿ ಕಟ್ಟಿ ಅದಕ್ಕೆ ಮುದ್ರೆ ಒತ್ತಿಸಿಕೊಳ್ಳಬೇಕಿತ್ತು, ನೆನಪಿದೆಯಾ? ಮುದ್ರೆ ಇಲ್ಲವೆಂದು, ವಿಮಾನಕ್ಕೆ ಒಯ್ಯುವ ಬಸ್ಸಿನ ತನಕ ಹೋದವಳು ವಾಪಸ್ ಓಡಿದ್ದುಂಟು. ಮುಂಬೈ, ಬೆಂಗಳೂರು ಸೇರಿ ಏಳು ನಿಲ್ದಾಣಗಳಲ್ಲಿ 2017ರ ಏಪ್ರಿಲ್‌ನಿಂದ ಅದು ನಿಂತಿತು.

ಇಲ್ಲಿ ನನ್ನನ್ನು ಸೋಲಿಸಿದ್ದು ಅಮ್ಮನ ಅಡುಗೆಮನೆ. ಮಿಡಿ ಉಪ್ಪಿನಕಾಯಿಯ ಭರಣಿಯನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಹೋಗುವ ಆಸೆಯಿಂದ ಕೈಚೀಲದಲ್ಲಿ ಹಾಕಿದ್ದೆ. ಮೆಣಸಿನ ಪುಡಿ, ಮೆಣಸಿನ ಉಪ್ಪಿನಕಾಯಿ ಕ್ಯಾಬಿನ್ನಿಗೆ ಸಲ್ಲ, ಇನ್ನೊಬ್ಬರ ಕಣ್ಣಿಗೆ ಎರಚಬಹುದಾದ ವಸ್ತು ಅದು. ನಮ್ಮ ಮಿಡಿಯ ರಸ ಕೆಂಪಗೆ ಕುದಿಯುವ ಹಾಗೆ ಕಾಣುತ್ತಿತ್ತು. "ಇದು ಮಾವು, ಮೆಣಸಲ್ಲ" ಎಂದು ವಾದಿಸಿದೆ. ಎದುರಿಗಿದ್ದವರು ಒಮ್ಮೆ ಮೂಸಿ ನೋಡಿ ತಲೆಯಾಡಿಸಿದರು. ಭರಣಿ ಅಲ್ಲೇ ಉಳಿಯಿತು. ಆಮೇಲಿಂದ ಉಪ್ಪಿನಕಾಯಿ, ತುಪ್ಪ, ತೆಂಗಿನೆಣ್ಣೆ, ಜೋನಿಬೆಲ್ಲ ಎಲ್ಲವೂ ಮೂರು ಪದರ ಪ್ಲಾಸ್ಟಿಕ್ಕಿನೊಳಗೆ ಚೆಕ್‌ಇನ್ ಚೀಲಕ್ಕೆ. ಕೈಚೀಲದಲ್ಲಿ ಒಣಗಿದ ಸಾಮಾನು, ಹೂವು ಮಾತ್ರ: ಹಲಸಿನ ಹಪ್ಪಳ, ಸಂಡಿಗೆ, ಶಂಕರಪುರ ಮಲ್ಲಿಗೆಯ ಅಟ್ಟೆ (ಹೂವಿನ ಕಟ್ಟು). ಹಪ್ಪಳ ಹಗುರ, ಮಲ್ಲಿಗೆ ಇನ್ನೂ ಹಗುರ. ಏಳು ಕಿಲೋದವರಿಗೆಂದೇ ಹುಟ್ಟಿದ ಸಾಮಾನು.

ಒಣಗಿದ್ದೆಲ್ಲ ಸಲೀಸು ಎಂದುಕೊಳ್ಳಬೇಡಿ. ಹೋಳಿಗೆಗೆಂದು ಅಮ್ಮ ಕೊಟ್ಟ ಆರು ಕೊಬ್ಬರಿ ಗಿಟುಕು ಚೆಕ್‌ಇನ್ ಚೀಲದಲ್ಲಿದ್ದವು. ನನ್ನ ಹೆಸರು ಕೂಗಿ ಕರೆದರು, ಚೀಲ ಬಿಚ್ಚಿಸಿದರು. ಒಣ ಕೊಬ್ಬರಿ ಕೈಚೀಲದಲ್ಲೂ ಬೇಡ, ಚೆಕ್‌ಇನ್‌ನಲ್ಲೂ ಬೇಡ. ಅದರಲ್ಲಿ ಎಣ್ಣೆಯ ಅಂಶ ಜಾಸ್ತಿ. ಗಾಳಿಯಾಡದ ಕಡೆ ರಾಶಿ ಬಿದ್ದರೆ ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು ಎಂದು ಅದನ್ನು ಅಪಾಯಕಾರಿ ಸರಕಿನ ಪಟ್ಟಿಯಲ್ಲೇ ಸೇರಿಸಿದ್ದಾರೆ. ಅಮ್ಮನಿಗೆ ಹೇಳಿದರೆ, "ನಮ್ಮ ಅಟ್ಟದಲ್ಲಿ ನಲವತ್ತು ವರ್ಷದಿಂದ ಉಂಟು, ಒಂದು ದಿನವಾದರೂ ಬೆಂಕಿ ಬಿದ್ದಿದೆಯಾ ಮಗಾ?" ಎಂದಳು. ಇಡೀ ತೆಂಗಿನಕಾಯಿಗೂ ಕ್ಯಾಬಿನ್ನಿನಲ್ಲಿ ಜಾಗವಿಲ್ಲ. ಶಬರಿಮಲೆಗೆ ಹೋಗುವವರ ಇರುಮುಡಿಗೆಂದು 2024ರ ಅಕ್ಟೋಬರಿನಲ್ಲಿ ಸರ್ಕಾರ ವಿನಾಯಿತಿ ಕೊಟ್ಟಿತ್ತು, ಆ ಸಲದ್ದು 2025ರ ಜನವರಿ 20ರ ತನಕ ಮಾತ್ರ.

ಪವರ್‌ಬ್ಯಾಂಕ್ ಇದಕ್ಕೆ ತಿರುಗುಮುರುಗು. ಅದು ಕೈಚೀಲದಲ್ಲೇ ಇರಬೇಕು, ಚೆಕ್‌ಇನ್‌ಗೆ ಹಾಕಲೇಬಾರದು. ಮಿತಿ 100 ವಾಟ್-ಅವರ್, ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ ಅದು. ಎಲ್ಲರ ಹತ್ತಿರ ಇರುವ 20,000 ಎಂಎಎಚ್‌ದು ಸುಮಾರು 74 ಆಗುತ್ತದೆ, ತೊಂದರೆ ಇಲ್ಲ. ಕಾರಣ ಕೇಳಿದರೆ ಸರಳ: ಕೆಳಗಿನ ಗೋದಾಮಿನಲ್ಲಿ ಬ್ಯಾಟರಿ ಹೊಗೆಯಾಡಿದರೆ ಯಾರಿಗೂ ಕಾಣುವುದಿಲ್ಲ, ಮೇಲೆ ಕಂಡರೆ ಸಿಬ್ಬಂದಿ ಆರಿಸುತ್ತಾರೆ.

ಮೂರನೆಯ ಯಜಮಾನ ಆ ವಿಮಾನವೇ. ಮಂಗಳೂರಿಗೆ ಹೋಗುವ ದೊಡ್ಡದರಲ್ಲಿ ಅಷ್ಟು ಕಷ್ಟವಿಲ್ಲ. ಹುಬ್ಬಳ್ಳಿ, ಮೈಸೂರಿನ ಕಡೆ ಓಡಾಡುವ ಎಟಿಆರ್ ಎಂಬ, ಹೊರಗೆ ಪಂಖ ತಿರುಗುವ ಸಣ್ಣ ವಿಮಾನದಲ್ಲಿ ತಲೆಯ ಮೇಲಿನ ಪೆಟ್ಟಿಗೆ ತೀರ ಇಕ್ಕಟ್ಟು. ತೂಕ, ಅಳತೆ ಎಲ್ಲ ಸರಿ ಇದ್ದರೂ ಟ್ರಾಲಿಯನ್ನು ಬಾಗಿಲ ಹತ್ತಿರವೇ ಚೀಟಿ ಕಟ್ಟಿ ಕೆಳಗೆ ಕಳಿಸುತ್ತಾರೆ. ದುಡ್ಡಿಲ್ಲ, ಸಿಟ್ಟಾಗಬೇಡಿ. ಕೊಡುವ ಮೊದಲು ಪವರ್‌ಬ್ಯಾಂಕ್ ಹೊರಗೆ ತೆಗೆಯಿರಿ, ಜೊತೆಗೆ ಮಾತ್ರೆ, ಮನೆಯ ಬೀಗದಕೈ. ಈ ಮೂರನ್ನೂ ನಾನು ಒಂದು ಸಣ್ಣ ಜಿಪ್ ಚೀಲದಲ್ಲಿ ಮೇಲ್ಗಡೆಯೇ ಇಡುತ್ತೇನೆ, ಒಂದೇ ಸಲ ಎಳೆದುಕೊಂಡರೆ ಸಾಕು.

ಪರದೇಶದ ಲೆಕ್ಕ ಇನ್ನೊಂದು ಬಗೆ. ನಮ್ಮಲ್ಲಿ ಕೈಚೀಲ ಪುಕ್ಕಟೆ, ತೂಕಕ್ಕೆ ಹಿಡಿತ. ಅಲ್ಲಿನ ಕೆಲವು ಅಗ್ಗದ ಕಂಪನಿಗಳಲ್ಲಿ ಅಳತೆಗೇ ದುಡ್ಡು. ಕೈಚೀಲಕ್ಕೂ ಹಣ ಕೇಳುವುದನ್ನು 2010ರಲ್ಲಿ ಶುರು ಮಾಡಿದ್ದು ಅಮೆರಿಕದ ಸ್ಪಿರಿಟ್ ಏರ್‌ಲೈನ್ಸ್. ಡಬ್ಲಿನ್‌ನಲ್ಲಿ ಓದುವ ಮಗಳು ಯುರೋಪಿನೊಳಗೆ ರಯಾನ್‌ಏರ್ ಎಂಬ ಅಗ್ಗದ ಕಂಪನಿಯ ವಿಮಾನದಲ್ಲಿ ಓಡಾಡುತ್ತಾಳೆ. ಪುಕ್ಕಟೆ ಒಯ್ಯಬಹುದಾದದ್ದು ಸೀಟಿನಡಿ ಹಿಡಿಸುವ 40, 30, 20 ಸೆಂಟಿಮೀಟರಿನ ಚೀಲ ಒಂದೇ, ಅದಕ್ಕಿಂತ ದೊಡ್ಡದಕ್ಕೆ ಮುಂಗಡ ತೆರಬೇಕು. ಅವಳು ಮುಂಬೈಗೆ ಬರುವಾಗ ನಾನು ಕೈಚೀಲ ತೂಗಲು ಹೇಳಿದರೆ, "ಅಮ್ಮಾ, ತೂಕ ಬಿಡು, ಉದ್ದ ಹೇಳು" ಎನ್ನುತ್ತಾಳೆ.

ಇಷ್ಟೆಲ್ಲ ಕಲಿತದ್ದು ನಾನು. ತುಂಬುವ ಕೈ ಅಮ್ಮನದ್ದು. ನಾನು ತೂಗಿಟ್ಟು ಮಲಗಿದ ಮೇಲೆ ಅವಳು ಎದ್ದು ಬಂದು ಸಂದಿಯಲ್ಲಿ ಒಂದು ಕಟ್ಟು ಹಪ್ಪಳ ತುರುಕುವುದು ಪ್ರತಿ ಸಲದ ಕಥೆ. ಕೊನೆಗೆ ಮುನ್ನೂರೈವತ್ತು ರೂಪಾಯಿ ಕೊಟ್ಟು ಕೊಕ್ಕೆಗೆ ನೇತುಹಾಕಿ ತೂಗುವ ಸಣ್ಣ ಕಾಂಟಾ ತಂದು ಅವಳ ಕೈಗೇ ಕೊಟ್ಟುಬಿಟ್ಟೆ. "ಆರೂವರೆ ದಾಟಬಾರದು" ಎಂದೆ. ಕೌಂಟರಿನ ಕಾಂಟಾಕ್ಕೂ ನಮ್ಮದಕ್ಕೂ ನೂರಿನ್ನೂರು ಗ್ರಾಂ ಹೆಚ್ಚುಕಡಿಮೆ ಬರುತ್ತದೆ, ಅದಕ್ಕೇ ಆರೂವರೆ. ಆ ರಾತ್ರಿ ಅವಳು ಮುಂಬಾಗಿಲ ಚಿಲಕಕ್ಕೆ ಕೊಕ್ಕೆ ಸಿಕ್ಕಿಸಿ, ಕನ್ನಡಕ ಏರಿಸಿ, ಹಪ್ಪಳವನ್ನು ಕಟ್ಟು ಕಟ್ಟಾಗಿ ಒಳಗೆ ಹಾಕಿ ಹೊರಗೆ ತೆಗೆದು ತೂಗುತ್ತ ಕೂತಳು. ಈಚೆಗೆ ನಾನು ಹೊರಡುವ ವಾರದ ಮೊದಲೇ ಫೋನು ಬರುತ್ತದೆ. ಹೋದ ತಿಂಗಳೂ ಬಂತು.

"ಆರು ಕಿಲೋ ಇನ್ನೂರಾಯ್ತು ಮಗಾ. ಇನ್ನು ಮುನ್ನೂರು ಗ್ರಾಂ ಬಾಕಿ ಉಂಟಲ್ಲ, ಎರಡು ಮಟ್ಟುಗುಳ್ಳ ಬದನೆ ಹಾಕ್ಲಾ?"