ಗಾಡಿ ಹೀಟ್ ಆಗಿ ನಿಂತಿತಾ? ಮೊದಲು ಕೀ ಜೇಬಿಗೆ ಹಾಕಿ

ಏಪ್ರಿಲ್ ಮಧ್ಯಾಹ್ನ ಹೆಬ್ಬಾಳ ಫ್ಲೈಓವರ್ ಏರುವ ಕಡೆ ಒಂದಲ್ಲ ಒಂದು ಕಾರು ಬಾನೆಟ್ ಎತ್ತಿಕೊಂಡು ನಿಂತಿರುತ್ತದೆ. ಒಬ್ಬರು ಬಾಟಲಿ ನೀರು ಹಿಡಿದು ಓಡಿ ಬರುತ್ತಾರೆ. ಇನ್ನೊಬ್ಬರು ಒಳಗೆ ಕೂತು ಸೆಲ್ಫ್ ಮೇಲೆ ಸೆಲ್ಫ್ ಹೊಡೆಯುತ್ತಿರುತ್ತಾರೆ. ಗಾಡಿ ಹೀಟ್ ಆಗಿದ್ದಕ್ಕಿಂತ, ಆಮೇಲಿನ ಈ ಹತ್ತು ನಿಮಿಷದ ಗಡಿಬಿಡಿಯಲ್ಲೇ ಇಂಜಿನ್ ಹಾಳಾಗಿದ್ದನ್ನು ನಾನು ಜಾಸ್ತಿ ನೋಡಿದ್ದೇನೆ.

ಹೆಜ್ಜೆ 1: ಕಾಯಿರಿ. ಕೀ ತೆಗೆಯಿರಿ, ಹಜಾರ್ಡ್ ಲೈಟ್ ಹಾಕಿ, ಬಾನೆಟ್ ತೆರೆಯಿರಿ. ಕಡಿಮೆ ಅಂದರೂ ಅರ್ಧ ಗಂಟೆ. ನನ್ನ ಲೆಕ್ಕದಲ್ಲಿ ಒಂದು ಗಂಟೆಯೇ ಸರಿ. ಬಿಸಿ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ (ಇಂಜಿನ್ ಸಿಲಿಂಡರ್‌ಗಳ ಮೇಲೆ ಕೂರುವ ಲೋಹದ ಭಾಗ) ಬಿರುಕು ಬಿಡಬಹುದು.

ರೇಡಿಯೇಟರ್ ಮುಚ್ಚಳಕ್ಕಂತೂ ಕೈ ಹಾಕಲೇಬೇಡಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಮುಚ್ಚಳ ಬಿಗಿಯಾಗಿದ್ದಾಗ ಒತ್ತಡದಲ್ಲಿರುವ ಕೂಲೆಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ, 110 ಡಿಗ್ರಿಯಲ್ಲೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತಿರುಗಿಸಿದಿರೋ, ಅಷ್ಟೂ ಒಟ್ಟಿಗೆ ಉಕ್ಕಿ ಮುಖಕ್ಕೆ ಬರುತ್ತದೆ. ವಿಷಲ್ ಹೊಡೆಯುವ ಕುಕ್ಕರ್ ಮುಚ್ಚಳ ಯಾರಾದರೂ ತೆಗೀತಾರಾ? ಅಷ್ಟು ಹೊತ್ತು ಕಾಯ್ದ ಮೇಲೆ, ರೇಡಿಯೇಟರ್‌ನ ಮೇಲಿನ ದಪ್ಪ ರಬ್ಬರ್ ಪೈಪನ್ನು ಬಟ್ಟೆ ಸುತ್ತಿ ಹಿಂಡಿ ನೋಡಿ. ಗಟ್ಟಿ ಇದ್ದರೆ ಇನ್ನೂ ಒತ್ತಡ ಇದೆ ಅಂತ ಅರ್ಥ.

ಹೆಜ್ಜೆ 2: ಕಣ್ಣಲ್ಲಿ ನೋಡಿ. ಪೈಪ್ ಒಡೆದಿದೆಯಾ, ಕೆಳಗೆ ಬಣ್ಣದ ನೀರು ಸೋರಿದೆಯಾ, ಕೂಲೆಂಟ್ ಡಬ್ಬ ಖಾಲಿಯಾ? ಆಮೇಲೆ ಡಿಪ್‌ಸ್ಟಿಕ್ (ಇಂಜಿನ್ ಆಯಿಲ್ ಅಳೆಯುವ ಕಡ್ಡಿ) ಎಳೆಯಿರಿ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಸೇರಿದೆ, ಬಹುಶಃ ಹೆಡ್ ಕೆಳಗಿನ ತೆಳು ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿದೆ. ಮುಂದಿನ ಹೆಜ್ಜೆ ಬಿಟ್ಟು ಟೋಯಿಂಗ್‌ಗೆ ಫೋನ್ ಮಾಡಿ. ಆಯಿಲ್ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಕೆನೆ ಕಂಡರೆ ಹೆದರಬೇಡಿ. ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಅದು ಮಾಮೂಲಿ.

ಹೆಜ್ಜೆ 3: ಒಂದೇ ಸಲ ಸೆಲ್ಫ್ ಹೊಡೆದು ಕೇಳಿ. ಎಲ್ಲರೂ ಎಡವುವುದು ಇಲ್ಲೇ. ರೇಡಿಯೋ, ಎಸಿ ಆಫ್ ಮಾಡಿ, ಕಿಟಕಿ ಇಳಿಸಿ. ಪಕ್ಕದಲ್ಲಿ ಯಾರಾದರೂ ಮೊಬೈಲ್‌ನಲ್ಲಿ ಸದ್ದು ರೆಕಾರ್ಡ್ ಮಾಡಿಕೊಳ್ಳಲಿ. ಮೂರು ಸೆಕೆಂಡ್, ಅಷ್ಟೇ.

ಟಕಟಕಟಕ ಅಂತ ಬಂದು ಮೀಟರ್ ಲೈಟ್ ಮಂಕಾದರೆ ಬ್ಯಾಟರಿ ಡೌನ್. ಇಂಜಿನ್ ನಿಂತ ಮೇಲೂ ಫ್ಯಾನ್ ಓಡಿರುತ್ತದೆ, ಹಜಾರ್ಡ್ ಲೈಟೂ ಉರಿದಿರುತ್ತದೆ, ಹಳೇ ಬ್ಯಾಟರಿ ತಡೆಯಲ್ಲ. ಜಂಪರ್ ವೈರ್ ಸಾಕು.

ಲೈಟ್ ಚೆನ್ನಾಗಿದೆ, ಆದರೆ 'ಟಕ್' ಅಂತ ಒಂದೇ ಸದ್ದು, ಇಂಜಿನ್ ಅಲ್ಲಾಡಲಿಲ್ಲ. ಅಲ್ಲಿಗೇ ನಿಲ್ಲಿಸಿ. ಸ್ಟಾರ್ಟರ್ ಮೋಟರ್ ಕೈಕೊಟ್ಟಿರಬಹುದು. ಇಂಜಿನ್ ಜಾಮ್ ಆಗಿರಬಹುದು. ಸಿಲಿಂಡರ್ ಒಳಗೆ ಕೂಲೆಂಟ್ ತುಂಬಿರಲೂಬಹುದು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲು ಆಗಲ್ಲ. ಮತ್ತೆ ಮತ್ತೆ ಸೆಲ್ಫ್ ಹೊಡೆದರೆ ಪಿಸ್ಟನ್‌ಗೆ ಸೇರಿದ ಕನೆಕ್ಟಿಂಗ್ ರಾಡ್ ಬಾಗಬಹುದು. 'ತಳ್ಳೋಣ ಸಾರ್, ಸೆಕೆಂಡ್ ಗೇರ್ ಹಾಕಿ' ಅಂತ ನಾಲ್ಕು ಜನ ಬರುತ್ತಾರೆ. ಕೈಮುಗಿದು ಕಳಿಸಿ. ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಬಿಚ್ಚಿ ಇಂಜಿನ್ ತಿರುಗಿಸುತ್ತಾರೆ. ಒಂದು ತೂತಿನಿಂದ ನೀರು ಚಿಮ್ಮಿದರೆ ಅನುಮಾನ ಉಳಿಯಲ್ಲ.

ಇಂಜಿನ್ ಮಾಮೂಲಿಯಂತೆ ಏರಿಳಿತದ ಲಯದಲ್ಲಿ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗಲ್ಲ. ಇದು ಒಳ್ಳೆಯ ಸುದ್ದಿ. ಇಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಬಿಸಿಗೆ ಕೈಕೊಡುವುದುಂಟು, ತಣ್ಣಗಾದ ಮೇಲೆ ಏನೂ ಆಗದವರಂತೆ ಸ್ಟಾರ್ಟ್ ಆಗುತ್ತದೆ. ಹಾಗಂತ ಮನೆವರೆಗೆ ಓಡಿಸಿಬಿಡಬೇಡಿ, ಹೀಟ್ ಆದ ಕಾರಣ ಹಾಗೇ ಕೂತಿದೆ.

ಕಿವಿಗೆ ಸಿಗಬೇಕಾದ ನಾಲ್ಕನೇ ಸದ್ದು, ಖಾಲಿ ಮಿಕ್ಸಿ ಓಡಿದ ಹಾಗೆ ಒಂದೇ ಸಮ, ಹಗುರವಾಗಿ, ಜೋರಾಗಿ ತಿರುಗುವುದು. ಕಂಪ್ರೆಷನ್, ಅಂದರೆ ಸಿಲಿಂಡರ್‌ನಲ್ಲಿ ಗಾಳಿ ಅದುಮುವ ಒತ್ತಡ, ಹೋಗಿದೆ ಅಂತ ಅರ್ಥ. ಗ್ಯಾಸ್ಕೆಟ್ ಸುಟ್ಟಿರಬೇಕು, ಇಲ್ಲವೇ ವಾಲ್ವ್‌ಗಳನ್ನು ಆಡಿಸುವ ಟೈಮಿಂಗ್ ಬೆಲ್ಟ್ ಹರಿದಿರಬೇಕು. ಕೆಲವು ಗಾಡಿಗಳಲ್ಲಿ ಕೂಲೆಂಟ್ ಓಡಾಡಿಸುವ ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್. ಪಂಪ್ ಜಾಮ್ ಆಗಿ ಬೆಲ್ಟನ್ನೂ ಹರಿದು ಹಾಕಬಹುದು. ಹೆಡ್ ಇಳಿಸಿದರೆ ಲೇತ್‌ನಲ್ಲಿ ಫೇಸಿಂಗ್ (ಅಡಿಭಾಗ ಉಜ್ಜಿ ಸಮ ಮಾಡುವುದು) ಮಾಡಿಸದೆ ಬರೀ ಗ್ಯಾಸ್ಕೆಟ್ ಬದಲಿಸಲು ಒಪ್ಪಬೇಡಿ. ಬಾಗಿದ ಹೆಡ್ ಮೇಲೆ ಹೊಸ ಗ್ಯಾಸ್ಕೆಟ್ ಜಾಸ್ತಿ ದಿನ ನಿಲ್ಲಲ್ಲ.

ಹೆಜ್ಜೆ 4: ಹೀಟ್ ಯಾಕಾಯಿತು? ಟ್ರಾಫಿಕ್‌ನಲ್ಲಿ ಮಾತ್ರ ಹೀಟ್ ಮೀಟರಿನ ಮುಳ್ಳು ಏರುತ್ತಿದ್ದರೆ ಮೊದಲ ಅನುಮಾನ ಫ್ಯಾನ್ ಮೇಲೆ. ನಿಂತ ಗಾಡಿಯ ರೇಡಿಯೇಟರ್‌ಗೆ ಬೇರೆ ಗಾಳಿ ಎಲ್ಲಿಂದ ಬರಬೇಕು? ಇಂಜಿನ್ ಓಡುವಾಗ ಎಸಿ ಹಾಕಿ, ಸಾಮಾನ್ಯವಾಗಿ ಫ್ಯಾನ್ ತಿರುಗಲೇಬೇಕು. ತಿರುಗದಿದ್ದರೆ ಫ್ಯೂಸ್, ಆಮೇಲೆ ರಿಲೇ (ಫ್ಯಾನ್‌ಗೆ ಕರೆಂಟ್ ಬಿಡುವ ಸ್ವಿಚ್), ಆಮೇಲೆ ಮೋಟರ್ ನೋಡಿಸಿ. ನಮ್ಮ ಭಾವನವರ ಗಾಡಿ ಸಿಲ್ಕ್ ಬೋರ್ಡ್‌ನಲ್ಲಿ ನಿಂತಾಗ ಒಂದು ಗ್ಯಾರೇಜಿನವರು ಡಿಪ್‌ಸ್ಟಿಕ್ ಕೂಡ ಎಳೆಯದೆ 'ಹೆಡ್ ಇಳಿಸಬೇಕು ಸಾರ್' ಅಂದುಬಿಟ್ಟರು. ಸುಟ್ಟಿದ್ದು ಫ್ಯಾನಿನ ಫ್ಯೂಸ್. ಸ್ಟಾರ್ಟ್ ಆಗದಿದ್ದುದು ಬ್ಯಾಟರಿ ಡೌನ್ ಆಗಿ. ಹೈವೇಯಲ್ಲಿ ಹೀಟ್ ಆಗುವ ಗಾಡಿಗೆ ಥರ್ಮೋಸ್ಟ್ಯಾಟ್ (ಬಿಸಿ ಏರಿದಾಗ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್), ಪಂಪ್, ಕಟ್ಟಿಕೊಂಡ ರೇಡಿಯೇಟರ್ ನೋಡಿಸಿ.

ರೇಡಿಯೇಟರ್ ಸೋರಿಕೆಗೆ ಅರಿಶಿನ ಪುಡಿ ಹಾಕುವ ಹಳೇ ಉಪಾಯ ಇದೆಯಲ್ಲ, ಅದು ಸಾರಿಗೆ ಇರಲಿ. ಲೀಕ್ ನಿಲ್ಲಿಸುವ ಪುಡಿಗಳೂ ನನಗೆ ಇಷ್ಟವಿಲ್ಲ, ತೂತಿನ ಜೊತೆ ರೇಡಿಯೇಟರ್‌ನ ಸಣ್ಣ ನಳಿಕೆಗಳನ್ನೂ ಮುಚ್ಚುತ್ತವೆ. ಲೂಸ್‌ನಲ್ಲಿ ಸಿಗುವ ಅಗ್ಗದ ಹಸಿರು 'ಕೂಲೆಂಟ್' ಎಷ್ಟೋ ಸಲ ಬಣ್ಣದ ನೀರು. ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಬಕೆಟ್ಟಿನ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದಲ್ವಾ, ರೇಡಿಯೇಟರ್ ಒಳಗೂ ಅದೇ ಕಟ್ಟುತ್ತದೆ. ಅದರ ಬದಲು ಡಿಸ್ಟಿಲ್ಡ್ ವಾಟರ್ ಬಳಸಿ, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ.

ಟೋಯಿಂಗ್‌ಗೆ ಫ್ಲ್ಯಾಟ್‌ಬೆಡ್ ಗಾಡಿಯನ್ನೇ (ಕಾರನ್ನು ಪೂರ್ತಿ ಮೇಲೆ ಏರಿಸಿಕೊಳ್ಳುವ ಲಾರಿ) ಕೇಳಿ, ಅದರಲ್ಲೂ ಆಟೋಮ್ಯಾಟಿಕ್ ಕಾರಾದರೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಗಾಡಿ ಏರಿಸುವಾಗ ಡ್ರೈವರ್ 'ಒಂದ್ಸಲ ಸೆಲ್ಫ್ ಹೊಡೀರಿ ಸಾರ್, ನೋಡೋಣ' ಅಂದೇ ಅಂತಾರೆ. ಮೊಬೈಲ್ ತೆಗೆದು ರೆಕಾರ್ಡ್ ಮಾಡಿಕೊಂಡ ಸದ್ದು ಕೇಳಿಸಿ.