ಕರೆಂಟು ಹೋದರೂ ಗಡಿಯಾರ ತಪ್ಪದ ಹಾಗೆ ಮಾಡುವುದು ಹೇಗೆ?

ಉಡುಪಿಯ ಮಳೆಗಾಲ ಗೊತ್ತಲ್ವಾ? ಎಲ್ಲೋ ಒಂದು ತೆಂಗಿನ ಮಡಲು ತಂತಿಯ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ. ಎರಡು ನಿಮಿಷಕ್ಕೆ ಬಂದು ಮತ್ತೆ ಹೋಗುತ್ತದೆ. ನಾನೇ ಜೋಡಿಸಿದ ಎಲ್‌ಇಡಿ ಗಡಿಯಾರ ಪ್ರತಿ ಸಲವೂ 12:00 ತೋರಿಸುತ್ತ ಮಿಣುಕುತ್ತಿತ್ತು. ಬ್ಯಾಟರಿ ಕೊಡಲು ಹೊರಟಾಗ ಗೊತ್ತಾಯಿತು, ಕಷ್ಟ ಇರುವುದು ಬ್ಯಾಟರಿಯಲ್ಲಲ್ಲ, ಅಡಾಪ್ಟರಿನಿಂದ ಬ್ಯಾಟರಿಗೆ ದಾಟುವ ಗಳಿಗೆಯಲ್ಲಿ.

ಮೊದಲು ರಿಲೇ ಹಾಕಿದೆ, ಅಂದರೆ ಕರೆಂಟಿನಿಂದಲೇ ತಿರುಗುವ ಸ್ವಿಚ್. ಟಕ್ ಎಂದು ತಿರುಗಿತು, ಗಡಿಯಾರ ಮಾತ್ರ ಮತ್ತೆ 12:00! ರಿಲೇಯ ಒಳಗಿನ ಪಟ್ಟಿ ಈ ಕಡೆಯಿಂದ ಆ ಕಡೆಗೆ ಹೋಗಲು ಕೆಲವು ಮಿಲಿಸೆಕೆಂಡು ಬೇಕು. ಆ ಹೊತ್ತಿನಲ್ಲಿ ಎರಡೂ ಕಡೆ ಸಂಪರ್ಕ ಇರುವುದಿಲ್ಲ.

ಹಾಗಾಗಿ ಡಯೋಡ್ ದಾರಿ. ಡಯೋಡ್ ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ಬೇಕಾದ್ದು 5 ವೋಲ್ಟ್ ಅಡಾಪ್ಟರ್, 1.5 ವೋಲ್ಟಿನ ಮೂರು ಪೆನ್ಸಿಲ್ ಸೆಲ್, 1ಎನ್5819 ಎಂಬ ಷಾಟ್ಕಿ ಡಯೋಡ್ ಎರಡು. ಸೆಲ್‌ಗಳನ್ನು ಸಾಲಾಗಿ ಜೋಡಿಸಿ, 4.5 ವೋಲ್ಟ್ ಆಗುತ್ತದೆ. ಅಡಾಪ್ಟರಿನ ಪ್ಲಸ್‌ಗೆ ಒಂದು ಡಯೋಡ್, ಬ್ಯಾಟರಿಯ ಪ್ಲಸ್‌ಗೆ ಇನ್ನೊಂದು. ಪಟ್ಟೆ ಇರುವ ತುದಿಗಳೆರಡನ್ನೂ ಸೇರಿಸಿ ಗಡಿಯಾರಕ್ಕೆ ಕೊಡಿ. ಮೈನಸ್‌ಗಳೆಲ್ಲ ಒಂದೇ ಕಡೆ. ಕೆಲಸ ಮುಗಿಯಿತು.

ಇಲ್ಲಿ ಸ್ವಿಚ್ಚೇ ಇಲ್ಲ. ಯಾರ ವೋಲ್ಟೇಜ್ ಜಾಸ್ತಿಯೋ ಅವರ ಡಯೋಡ್ ಕರೆಂಟನ್ನು ಬಿಡುತ್ತದೆ, ಇನ್ನೊಂದು ತಾನಾಗಿ ಮುಚ್ಚಿಕೊಳ್ಳುತ್ತದೆ. ಕರೆಂಟು ಇದ್ದಾಗ ಅಡಾಪ್ಟರ್ ಕಡೆಯಿಂದ ಸುಮಾರು 4.7 ವೋಲ್ಟ್ ಬರುತ್ತದೆ, ಬ್ಯಾಟರಿ ಸುಮ್ನೆ ಕೂತಿರುತ್ತದೆ. ಕರೆಂಟು ಹೋದ ಕೂಡಲೇ ಬ್ಯಾಟರಿ ಹೆಗಲು ಕೊಡುತ್ತದೆ, ನಡುವೆ ಬಿಡುವಿಲ್ಲ. ಬ್ಯಾಟರಿ ಕಡೆಯ ಡಯೋಡಿಗೆ ಇನ್ನೊಂದು ಕೆಲಸವೂ ಇದೆ: ಅಡಾಪ್ಟರಿನ ಕರೆಂಟು ಸೆಲ್ ಒಳಗೆ ನುಗ್ಗದಂತೆ ತಡೆಯುವುದು. ಈ ಸೆಲ್‌ಗಳನ್ನು ಚಾರ್ಜ್ ಮಾಡಬಾರದು, ಮಾಡಿದರೆ ಸೋರುತ್ತವೆ. ಅಡಾಪ್ಟರಿಗಿಂತ ಹೆಚ್ಚು ವೋಲ್ಟಿನ ಬ್ಯಾಟರಿ ಹಾಕಿದರೆ ಕರೆಂಟು ಇದ್ದಾಗಲೂ ಅದೇ ಖಾಲಿಯಾಗುತ್ತಿರುತ್ತದೆ.

ಡಯೋಡ್ ತನ್ನ ಪಾಲು 0.3 ವೋಲ್ಟ್ ತಿನ್ನುತ್ತದೆ. ಮಾಮೂಲಿ ಸಿಲಿಕಾನ್ ಡಯೋಡಾದರೆ 0.7. ಬ್ಯಾಟರಿ ಇಳಿಯುತ್ತ ಬಂದಾಗ ಅಷ್ಟು ಕೂಡ ದುಬಾರಿ ಅನಿಸುತ್ತದೆ. ಆಗ ಬ್ಯಾಟರಿ ಕಡೆಯ ಡಯೋಡ್ ತೆಗೆದು ಪಿ-ಚಾನೆಲ್ ಮಾಸ್‌ಫೆಟ್ ಹಾಕಿ. ಇದು ವೋಲ್ಟೇಜಿನಿಂದ ತೆರೆದು ಮುಚ್ಚುವ ಸ್ವಿಚ್, ಕಾಲು ಮೂರು: ಡ್ರೇನ್, ಸೋರ್ಸ್, ಗೇಟ್. ಡ್ರೇನ್ ಬ್ಯಾಟರಿಗೆ, ಸೋರ್ಸ್ ಗಡಿಯಾರಕ್ಕೆ. ಗೇಟ್ ಅಡಾಪ್ಟರಿನ ಪ್ಲಸ್‌ಗೆ, ಅದೂ ಡಯೋಡಿಗಿಂತ ಮೊದಲು. ಗೇಟಿನಿಂದ ಮೈನಸ್‌ಗೆ 10 ಕಿಲೋ ಓಮ್ ರೆಸಿಸ್ಟರ್. ಅಡಾಪ್ಟರ್ ಇರುವಷ್ಟು ಹೊತ್ತು ಮಾಸ್‌ಫೆಟ್ ಬಂದ್. ಕರೆಂಟು ಹೋದರೆ ರೆಸಿಸ್ಟರ್ ಗೇಟನ್ನು ಕೆಳಗೆ ಎಳೆಯುತ್ತದೆ, ಬಾಗಿಲು ತೆರೆಯುತ್ತದೆ.

ನಾನು ಎಡವಿದ್ದು ಎರಡು ಕಡೆ ಮಾರಾಯ್ರೆ. ಡ್ರೇನ್, ಸೋರ್ಸ್ ತಿರುಗಿಸಿ ಹಾಕಿದ್ದೆ. ಮಾಸ್‌ಫೆಟ್ ಒಳಗೇ ಒಂದು ಡಯೋಡ್ ಇರುತ್ತದೆ, ಅದರ ಮೂಲಕ ಅಡಾಪ್ಟರಿನ ಕರೆಂಟು ಸೀದಾ ಸೆಲ್‌ಗೆ ಹೋಯಿತು. ಇನ್ನೊಂದು, ಡಬ್ಬಿಯಲ್ಲಿ ಬಿದ್ದಿದ್ದ ಐಆರ್‌ಎಫ್9540 ಎಂಬ ಮಾಸ್‌ಫೆಟ್ ಬಳಸಿದ್ದು. ಅದು ಸರಿಯಾಗಿ ತೆರೆಯಲು ಗೇಟಿಗೆ 10 ವೋಲ್ಟ್ ಬೇಕು, 4.5ಕ್ಕೆ ಅರೆಬರೆ. ಎಒ3401 ಆದರೆ 2.5 ವೋಲ್ಟಿಗೇ ತೆರೆಯುತ್ತದೆ. ಆದರೆ ಅಕ್ಕಿಕಾಳಿಗಿಂತ ಸಣ್ಣದು, ಬೆಸುಗೆ ಹಾಕುವಾಗ ಉಸಿರು ಬಿಗಿಹಿಡಿಯಬೇಕು.

ಗಡಿಯಾರದ ಪ್ಲಸ್ ಮೈನಸ್ ನಡುವೆ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದಿರಲಿ, ಇದು ಸ್ವಲ್ಪ ಕರೆಂಟನ್ನು ಕೂಡಿಟ್ಟುಕೊಳ್ಳುತ್ತದೆ. 100 ಮಿಲಿಆಂಪ್ ಎಳೆಯುವ ಗಡಿಯಾರದ ವೋಲ್ಟೇಜ್ 1 ವೋಲ್ಟ್ ಇಳಿಯಲು ಆಗ 10 ಮಿಲಿಸೆಕೆಂಡು ಹಿಡಿಯುತ್ತದೆ. ಮಾಸ್‌ಫೆಟ್ ತೆರೆಯಲು ಅದು ಧಾರಾಳ.

ಕೊನೆಗೆ ಪರೀಕ್ಷೆ. ಬ್ಯಾಟರಿಯ ತಂತಿಯಲ್ಲಿ ಮಲ್ಟಿಮೀಟರನ್ನು ಮಿಲಿಆಂಪಿಗೆ ಇಟ್ಟು ಸೇರಿಸಿ. ಅಡಾಪ್ಟರ್ ಇದ್ದಾಗ ಸೊನ್ನೆಯ ಹತ್ತಿರ ಇರಬೇಕು. ಪ್ಲಗ್ ಎಳೆಯಿರಿ, ಅಂಕಿ ಮೇಲೇರಬೇಕು, ಗಡಿಯಾರ ಕದಲಬಾರದು. ಮಲ್ಪೆ ಕಡೆಯ ಉಪ್ಪುಗಾಳಿಗೆ ಸೆಲ್ ಡಬ್ಬಿಯ ಸ್ಪ್ರಿಂಗ್ ಬೇಗ ತುಕ್ಕು ಹಿಡಿಯುತ್ತದೆ. ಮಳೆ ಶುರುವಾಗುವ ಮೊದಲೊಮ್ಮೆ ಮರಳುಕಾಗದದಿಂದ ಉಜ್ಜಿಡಿ.